ಕ್ಲಾರ್ಕ್ ಆ್ಯಶ್ಟನ್ ಸ್ಮಿತ್‌ನ ಗದ್ಯಕವಿತೆಗಳ ಮರುಮುದ್ರಣ: ಪುಸ್ತಕ ಮಾಡಿಸಿದವರು ಅನುಭವ ಹಂಚಿಕೊಳ್ಳಿ

ಕೇಳಿದವರು, ಕಲಬುರಗಿ: ವಿಲಕ್ಷಣ ಕಥೆಗಳ ಅಮೆರಿಕನ್ ಲೇಖಕ ಸ್ಮಿತ್‌ನ (1893–1961) ಗದ್ಯಕವಿತೆಗಳನ್ನು ಕಲೆಹಾಕಿ, ಎಡಪುಟದಲ್ಲಿ ಇಂಗ್ಲಿಷ್ ಮೂಲ, ಬಲಪುಟದಲ್ಲಿ ನನ್ನ ಅನುವಾದ ಬರುವಂತೆ ಅಚ್ಚು ಹಾಕಿಸಬೇಕೆಂದಿದ್ದೇನೆ. 500 ಪ್ರತಿ ಬೇಕೇ, 100 ಸಾಕೇ? ಹಕ್ಕಿನ ತೊಡಕೇನಾದರೂ ಇದೆಯೇ?

ಅನುವಾದಕ, ಬೀದರ್: 500ಕ್ಕೆ ಕಡಿಮೆ ಹಾಕಿಸಬೇಡಿ, ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ನೂರಕ್ಕೂ ಅಷ್ಟೇ, ಐನೂರಕ್ಕೂ ಅಷ್ಟೇ. ಡೆಮಿ 1/8 ಅಳತೆಯ ಪುಸ್ತಕದಲ್ಲಿ 16 ಪುಟಕ್ಕೊಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಿಕೆಯಾಗುವ ದೊಡ್ಡ ಹಾಳೆ, ಆಗುತ್ತದೆ. ಆರು ಫಾರಂಗಳಲ್ಲಿ, ಅಂದರೆ 96 ಪುಟಗಳಲ್ಲಿ ಮುಗಿಯಬೇಕಿದ್ದ ನನ್ನ ಭೂತಕಥೆಗಳ ಪುಸ್ತಕವನ್ನು ಡಿ.ಟಿ.ಪಿ.ಯವರು ಪ್ರತಿ ಕಥೆಗೂ ಹೊಸ ಪುಟ ಕೊಟ್ಟು ನೂರಕ್ಕೆ ಎಳೆದದ್ದರಿಂದ, ಬರೀ ನಾಲ್ಕು ಪುಟಗಳಿಗಾಗಿ ಏಳನೇ ಫಾರಂ ಬೇಕಾಗಿ ಪ್ಲೇಟು, ಕಾಗದ, ಮಡಿಕೆ ಕೂಲಿ ಎಲ್ಲವನ್ನೂ ಮತ್ತೆ ತೆತ್ತೆ. ಮೇ ತಿಂಗಳಲ್ಲಿ ಅಟ್ಟದ ಮೇಲಿನ ಕಟ್ಟುಗಳನ್ನು ಬಿಚ್ಚಿದಾಗ ಬೆನ್ನಿನ ಅಂಟು ಸಡಿಲಗೊಂಡು, ನಡುವಿನ ಹಾಳೆಗಳು ಇಸ್ಪೀಟಿನ ಎಲೆಗಳಂತೆ ಕೈಗೆ ಬಂದವು. ಮರುಬೈಂಡಿಂಗಿಗೆ ಪ್ರತಿಗೆ 18 ರೂಪಾಯಿ, ಆಟೋ ಬಾಡಿಗೆ ಬೇರೆ. ಆದರೂ ಪುಸ್ತಕವೆಂದರೆ ಐನೂರೇ.

ಡಿ.ಟಿ.ಪಿ. ಮಾಡುವವಳು, ಕಲಬುರಗಿ: ಬೀದರಿನ ಸರ್, ಹೊಸ ಪುಟ ಕೊಡುವುದು ದುಂದಲ್ಲ. ಅರ್ಧ ಪುಟದ ಗದ್ಯಕವಿತೆಯ ಕೆಳಗೇ ಇನ್ನೊಂದನ್ನು ತುರುಕಿದರೆ ಎರಡೂ ಸಾಯುತ್ತವೆ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಟೈಪಾದ ಕಡತವನ್ನು ತಂದು, ಯೂನಿಕೋಡಿಗೆ ತಿರುಗಿಸುವಾಗ ಒಡೆದ ಅರ್ಕಾವತ್ತುಗಳನ್ನು ಒಂದೊಂದಾಗಿ ಕೂಡಿಸಿಕೊಡಿ ಎನ್ನುವವರೇ ಕೂಲಿಯ ಮಾತಿಗೆ ಮುಖ ತಿರುಗಿಸುತ್ತಾರೆ. ನನ್ನ ಅಜ್ಜಿಯ ತತ್ವಪದಗಳ ಪುಸ್ತಕವನ್ನು ಡಿಜಿಟಲ್ ಮುದ್ರಣದಲ್ಲಿ ನೂರೇ ಪ್ರತಿ ಹಾಕಿಸಿದೆ. ಪ್ರತಿಗೆ ದುಬಾರಿಯಾದದ್ದು ನಿಜ, ಆದರೆ ಅಟ್ಟದ ಮೇಲೆ ನನ್ನದೊಂದು ಕಟ್ಟೂ ಇಲ್ಲ.

ನಿವೃತ್ತ ವಕೀಲ, ಯಾದಗಿರಿ: ಅಂಟಿನ ಜಗಳಕ್ಕಿಂತ ಮೊದಲು ಹಕ್ಕನ್ನು ನೋಡಬೇಕು. 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಂತೆ ಲೇಖಕ ತೀರಿದ ಮರುವರ್ಷದ ಆರಂಭದಿಂದ 60 ವರ್ಷ ಎಣಿಸುತ್ತಾರೆ. ಆದ್ದರಿಂದ ಸ್ಮಿತ್ ಬದುಕಿದ್ದಾಗ ಪ್ರಕಟವಾದ ಬರಹಗಳು ಭಾರತದಲ್ಲಿ 2022ರ ಜನವರಿಯಿಂದ ಮುಕ್ತವಾಗಿವೆ. 1922ರ ‘ಎಬನಿ ಅಂಡ್ ಕ್ರಿಸ್ಟಲ್’ನಲ್ಲಿರುವ 29 ಗದ್ಯಕವಿತೆಗಳನ್ನು ನಿಶ್ಚಿಂತೆಯಿಂದ ತೆಗೆದುಕೊಳ್ಳಬಹುದು. 1965ರ ‘ಪೊಯಮ್ಸ್ ಇನ್ ಪ್ರೋಸ್’ ಆಗಲಿ, 1988ರ ಸಂಪೂರ್ಣ ಸಂಗ್ರಹವಾಗಲಿ ಅವನು ತೀರಿದ ಮೇಲಿನವು. ಅವುಗಳಲ್ಲೇ ಮೊದಲ ಬಾರಿಗೆ ಬೆಳಕು ಕಂಡ ತುಣುಕುಗಳಿದ್ದರೆ ಲೆಕ್ಕ ಆ ಪ್ರಕಟಣೆಯಿಂದ ಶುರುವಾಗಿ, 1988ರದ್ದು 2048ರ ಕೊನೆಯವರೆಗೂ ಹೋಗುತ್ತದೆ. ನನ್ನ ಗುರುಗಳ ಕವಿತೆಗಳನ್ನು ಮರುಮುದ್ರಿಸಿದಾಗ ಇಂಥದೇ ಒಂದು ಮರಣೋತ್ತರ ಪದ್ಯಕ್ಕೆ ವಾರಸುದಾರರಿಂದ ನೋಟಿಸು ಬಂತು. ಕಟ್ಟಿದ ಪ್ರತಿಗಳಿಂದ ಆ ಹಾಳೆಯನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಸಿದೆ.

ಅನುವಾದಕ, ಬೀದರ್: ವಕೀಲರೇ, ಹೀಗೆ ಹೆದರಿಸಿದರೆ ಯಾರೂ ಪುಸ್ತಕ ಮಾಡುವುದಿಲ್ಲ. ಸ್ಮಿತ್ ಆ 1922ರ ಪುಸ್ತಕವನ್ನು ಆಬರ್ನ್ ಊರಿನ ಪತ್ರಿಕೆಯ ಪ್ರೆಸ್ಸಿನಲ್ಲಿ ತಾನೇ 500 ಪ್ರತಿ ಅಚ್ಚು ಹಾಕಿಸಿ, ಸಾಲವನ್ನು ಅದೇ ಪತ್ರಿಕೆಗೆ ಅಂಕಣ ಬರೆದು ತೀರಿಸಿದ. ಮೇಡಂ ಅವರ ನೂರರ ಲೆಕ್ಕ ಅವನಿಗೆ ಹೊಳೆದಿರಲಿಲ್ಲ.

ಡಿ.ಟಿ.ಪಿ. ಮಾಡುವವಳು, ಕಲಬುರಗಿ: ಸಾಲ ತೀರಿಸಲು ನಿಮಗೆ ಅಂಕಣ ಕೊಡುವ ಪತ್ರಿಕೆ ಬೀದರಿನಲ್ಲಿದ್ದರೆ ಹೆಸರು ಹೇಳಿ ಸರ್, ನಾನೂ ಐನೂರು ಹಾಕಿಸುತ್ತೇನೆ. ಪ್ರಶ್ನೆ ಕೇಳಿದವರೇ, ನಿಮ್ಮದು ಎದುರುಬದುರು ಪುಟಗಳ ಪುಸ್ತಕವಾದ್ದರಿಂದ ನಡುವಿಗೆ ಹೊಲಿಗೆ ಹಾಕಿಸಿ. ಬರೀ ಅಂಟಿನ ಬೆನ್ನನ್ನು ಅಷ್ಟು ಅಗಲಿಸಿ ಓದಲಾಗದು.

ನಿವೃತ್ತ ವಕೀಲ, ಯಾದಗಿರಿ: ಹೆದರಿಸುತ್ತಿಲ್ಲ. ಆ ನೋಟಿಸು ಈಗಲೂ ನನ್ನ ಬಳಿ ಇದೆ, ಬೇಕಾದವರು ಬಂದು ಓದಬಹುದು.