ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಪೋಶ್ (ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ) ತರಬೇತಿ: ಎಲ್ಲರ ಸಹಿ ಇದೆ, ದೂರು ಮಾತ್ರ ಒಂದೂ ಇಲ್ಲ

ಪ್ರಶ್ನೆ (ಎಚ್‌ಆರ್, ಮದ್ದೂರು ಕಡೆಯ ಗಾರ್ಮೆಂಟ್ಸ್):
ನಮ್ಮಲ್ಲಿ 350 ಜನ, ಮುಕ್ಕಾಲು ಪಾಲು ಹೆಂಗಸರು. ವರ್ಷಕ್ಕೊಮ್ಮೆ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಕೂರಿಸಿ ಒಂದು ಗಂಟೆ ಲೈಂಗಿಕ ಕಿರುಕುಳ ತಡೆ ತರಬೇತಿ ಕೊಡಿಸಿ ಸಹಿ ಹಾಕಿಸ್ಕೋತೀವಿ. ಮಾರನೇ ದಿನ ಕೇಳಿದರೆ ದೂರು ಯಾರಿಗೆ ಕೊಡಬೇಕು ಅಂತಲೇ ಗೊತ್ತಿರಲ್ಲ. ಏನು ಬದಲಿಸಲಿ ಮೇಡಂ?

ಉತ್ತರ (ವಕೀಲೆ, ಕಂಪನಿಯೊಳಗೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿಯ ಹೊರಗಿನ ಸದಸ್ಯೆ):
ದೂರು ಬಂದಿಲ್ಲ ಅಂತ ನೆಮ್ಮದಿ ಪಡಬೇಡಿ. ಸೂಪರ್‌ವೈಸರ್ ಅದೇ ಕೋಣೆಯಲ್ಲಿ ಕೂತಿದ್ದರೆ ಯಾವ ಟೈಲರ್ ಬಾಯಿ ಬಿಡ್ತಾರೆ? ಲೈನಿನ ಪ್ರಕಾರ 25–30 ಜನರ ಬ್ಯಾಚ್ ಮಾಡಿ, 45 ನಿಮಿಷ ಸಾಕು. ಊಟದ ಹೊತ್ತಲ್ಲಿ ಬೇಡ, ಕೆಲಸದ ಅವಧಿಯಲ್ಲೇ ಆಗಲಿ, ಆ ಹೊತ್ತಿನ ಟಾರ್ಗೆಟ್ ಕಡಿಮೆ ಮಾಡಿ. ಇಲ್ಲದಿದ್ದರೆ ಅವರ ಗಮನವೆಲ್ಲ ಬಾಕಿ ಉಳಿದ ಪೀಸುಗಳ ಮೇಲೇ. ಒಡಿಯಾ, ಹಿಂದಿ ಮಾತಾಡುವವರಿಗೆ ಬೇರೆ ಬ್ಯಾಚ್ ಇಡಿ. ಗುತ್ತಿಗೆಯವರು, ಟ್ರೈನಿಗಳು ಎಲ್ಲರೂ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಉದ್ಯೋಗಿಗಳೇ, ಯಾರನ್ನೂ ಬಿಡಬೇಡಿ.

ಕಲಮುಗಳನ್ನು ಓದಿ ಹೇಳುವುದರಿಂದ ಪ್ರಯೋಜನ ಕಡಿಮೆ. ಫ್ಲೋರಿನಲ್ಲಿ ನಡೆಯೋದನ್ನೇ ಎತ್ತಿಕೊಳ್ಳಿ: ಸೂಜಿ ಸರಿಮಾಡುವ ನೆಪದಲ್ಲಿ ಮೆಕ್ಯಾನಿಕ್ ಮೈಮೇಲೆ ಬಾಗೋದು, ರಜೆ ಚೀಟಿಗೆ ಸಹಿ ಹಾಕೋಕೆ ಫೋನ್ ನಂಬರ್ ಕೇಳೋದು, ರಾತ್ರಿ ಮೆಸೇಜ್ ಕಳಿಸೋದು, ಫ್ಯಾಕ್ಟರಿ ವ್ಯಾನಿನಲ್ಲಿ ಒತ್ತಿಕೊಂಡು ಕೂರೋದು. ಕಂಪನಿ ಕೊಟ್ಟ ವಾಹನವೂ ಕೆಲಸದ ಸ್ಥಳವೇ. ಟಾರ್ಗೆಟ್ ಆಗಿಲ್ಲ ಅಂತ ಗದರಿದ್ದೆಲ್ಲ ಲೈಂಗಿಕ ಕಿರುಕುಳವಲ್ಲ. ಗದರುವಾಗ ಮೈಕಟ್ಟಿನ ಬಗ್ಗೆ ಆಡಿದ ಮಾತು ಮಾತ್ರ ಕಿರುಕುಳವೇ. ಈ ಗೆರೆಯನ್ನು ಉದಾಹರಣೆ ಕೊಟ್ಟೇ ತೋರಿಸಿ.

ಉಳಿದ ಅರ್ಧ ಸಮಯ ದೂರಿನ ದಾರಿಗೆ ಇಡಿ. ಸಮಿತಿ ಸದಸ್ಯರು ಖುದ್ದು ಬಂದು ಮುಖ ತೋರಿಸಬೇಕು. ಘಟನೆಯಾದ 3 ತಿಂಗಳೊಳಗೆ ದೂರು ಕೊಡಬೇಕು. ತಡಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಬರೆಯಲು ಬಾರದಿದ್ದರೆ ಸಮಿತಿಯವರೇ ನೆರವಾಗಬೇಕು. 7 ಕೆಲಸದ ದಿನಗಳೊಳಗೆ ದೂರಿನ ಪ್ರತಿ ಎದುರಿನವರಿಗೆ (ದೂರು ಯಾರ ಮೇಲಿದೆಯೋ ಅವರಿಗೆ) ಹೋಗುತ್ತೆ, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ದೂರು ಮಾಲೀಕರ ಮೇಲೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು.

ವಾರದ ನಂತರ ಲೈನಿನಲ್ಲಿ ಹತ್ತು ಜನರನ್ನು ಕೇಳಿ: ಸಮಿತಿಯಲ್ಲಿ ಯಾರಿದ್ದಾರೆ, ದೂರಿಗೆ ಎಷ್ಟು ಸಮಯವಿದೆ? ಇಬ್ಬರು ಮೂವರು ತಡವರಿಸಿದರೂ ಆ ಬ್ಯಾಚಿಗೆ ಮತ್ತೆ ಹೇಳಿಕೊಡಿ.

ಪ್ರಶ್ನೆ (ಪ್ರೊಡಕ್ಷನ್ ಮ್ಯಾನೇಜರ್):
ನಮ್ಮ ಸೂಪರ್‌ವೈಸರುಗಳಿಗೆ ಸುಳ್ಳು ದೂರಿನ ಭಯ. ಅವರಿಗೇನು ಹೇಳೋದು ಮೇಡಂ?

ಉತ್ತರ:
ಅವರನ್ನು ಬೇರೆಯೇ ಕೂರಿಸಿ, ಎರಡು ಗಂಟೆಯಾದರೂ ಬೇಕು. ಎದುರಿನವರಿಗೂ ದೂರಿನ ಪ್ರತಿ ಸಿಗುತ್ತೆ, ಉತ್ತರ ಕೊಡಲು 10 ಕೆಲಸದ ದಿನ ಸಿಗುತ್ತೆ, ಸಮಿತಿ ಮುಂದೆ ಎರಡೂ ಕಡೆಗೆ ವಕೀಲರಿಲ್ಲ. ದುರುದ್ದೇಶದ ದೂರಿಗೆ ಕಾಯ್ದೆಯಲ್ಲೇ ಕ್ರಮವಿದೆ, ಆದರೆ ಆ ದುರುದ್ದೇಶ ವಿಚಾರಣೆಯಲ್ಲಿ ಸಾಬೀತಾಗಬೇಕು. ಸಾಕ್ಷಿ ಸಿಗಲಿಲ್ಲ ಅನ್ನುವ ಕಾರಣಕ್ಕೆ ದೂರು ಸುಳ್ಳಾಗಲ್ಲ. ಇಷ್ಟು ತಿಳಿದರೆ ಭಯ ಬಹಳ ಕಡಿಮೆಯಾಗುತ್ತೆ. ಯಾರಾದರೂ ಬಂದು ಹೇಳಿಕೊಂಡರೆ ತಾವೇ ರಾಜಿ ಪಂಚಾಯ್ತಿ ಮಾಡದೆ ಸಮಿತಿಗೆ ಕಳಿಸಬೇಕು, ಹೆಸರನ್ನು ಯಾರ ಮುಂದೆಯೂ ಎತ್ತಬಾರದು ಅಂತ ಖಡಾಖಂಡಿತ ಹೇಳಿ.

ಪ್ರಶ್ನೆ (ಎಚ್‌ಆರ್):
ವಿಚಾರಣೆ ಮುಗಿಯೋವರೆಗೆ ದೂರು ಕೊಟ್ಟವರನ್ನು ಬೇರೆ ಲೈನಿಗೆ ಹಾಕಬಹುದಾ?

ಉತ್ತರ:
ಆಕೆ ಲಿಖಿತವಾಗಿ ಕೇಳಿದರೆ, ಸಮಿತಿ ಶಿಫಾರಸು ಮಾಡಿದರೆ ಹಾಕಬಹುದು. ಆದರೆ ಎದುರಿನವರನ್ನು ಸ್ಥಳಾಂತರಿಸಲೂ ಅವಕಾಶವಿದೆ, ಮೊದಲು ಅದನ್ನೇ ಯೋಚಿಸಿ. ಕಾಲರ್ ಹೊಲಿದು ಕೈ ಪಳಗಿದವರನ್ನು ಗೊತ್ತಿಲ್ಲದ ಹೊಲಿಗೆ ಕೆಲಸಕ್ಕೆ ಹಾಕಿದರೆ ಪೀಸ್ ಕಡಿಮೆಯಾಗಿ ಬೈಗುಳ ಶುರುವಾಗುತ್ತೆ. ಪಕ್ಕದವರಿಗೆಲ್ಲ ಅದು ಶಿಕ್ಷೆ ಅಂತಲೇ ಕಾಣುತ್ತೆ, ಮುಂದಿನ ದೂರು ಬರೋದೇ ಇಲ್ಲ. ಆಕೆಗೆ ಹಕ್ಕಿನ ರಜೆಯಲ್ಲದೆ ಹೆಚ್ಚುವರಿಯಾಗಿ 3 ತಿಂಗಳವರೆಗಿನ ರಜೆಗೂ ಸಮಿತಿ ಶಿಫಾರಸು ಮಾಡಬಹುದು. ಇದನ್ನೂ ತರಬೇತಿಯಲ್ಲಿ ಹೇಳಿ.