‘ಬಂದಿಲ್ಲ’ವೋ, ‘ಬರಲಿಲ್ಲ’ವೋ?

ಸ್ನೇಹಿತರೇ,

ಬ್ರಿಟನ್ನಿನ 617ನೇ ಸ್ಕ್ವಾಡ್ರನ್ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಅಣೆಕಟ್ಟುಗಳನ್ನು ಒಡೆದ ಲ್ಯಾಂಕಾಸ್ಟರ್ ಬಾಂಬರ್‌ಗಳ ಪಡೆ ಅದು. ‘ಸ್ಕ್ವಾಡ್ರನ್’ ಪದವನ್ನು ಹಾಗೇ ಉಳಿಸಿಕೊಂಡೆ. ‘ವಾಯುದಳ’ ಅಂದರೆ ಇಡೀ ಏರ್‌ಫೋರ್ಸೇ ಕಣ್ಣಮುಂದೆ ಬರುತ್ತದೆ ಅಲ್ವಾ? ನನ್ನ ತೊಡಕಿರುವುದು ಬೇರೆ ಕಡೆ.

1943ರ ಮೇ 16ರ ರಾತ್ರಿ ಇಂಗ್ಲೆಂಡಿನ ಸ್ಕ್ಯಾಂಪ್ಟನ್ ವಾಯುನೆಲೆಯಿಂದ 19 ವಿಮಾನಗಳು ಹೊರಟವು. ಒಂದೊಂದರಲ್ಲೂ ಏಳು ಜನ. ವಾಪಸ್ ಬಂದಿಳಿದದ್ದು 11. ಉಳಿದ ಎಂಟರಲ್ಲಿದ್ದ 56 ಜನರ ಮನೆಗಳಿಗೆ ‘ಮಿಸ್ಸಿಂಗ್’ ಅಂತ ಟೆಲಿಗ್ರಾಂ ಹೋಯಿತು. ಈ ‘ಮಿಸ್ಸಿಂಗ್’ಗೆ ಕನ್ನಡದಲ್ಲಿ ಏನು ಹಾಕಲಿ?

‘ನಾಪತ್ತೆ’ ಅಂದರೆ ಸಾಲ ಮಾಡಿ ಊರು ಬಿಟ್ಟವನ ನೆನಪಾಗುತ್ತದೆ. ‘ಕಾಣೆಯಾಗಿದ್ದಾರೆ’ ಅನ್ನುವುದು ಪೊಲೀಸ್ ಪ್ರಕಟಣೆಯ ಮಾತು. ಜೊತೆಗೆ ಫೋಟೋ, ಎತ್ತರ, ಮೈಬಣ್ಣ, ತೊಟ್ಟಿದ್ದ ಅಂಗಿಯ ಬಣ್ಣ. ‘ಕಣ್ಮರೆಯಾದರು’ ಅಂತೂ ಆಗದು, ತೀರಿಕೊಂಡ ಹಿರಿಯರಿಗೆ ಅದನ್ನು ಬಳಸುತ್ತೇವೆ.

ನನಗೆ ಸುಮ್ನೆ ‘ಬಂದಿಲ್ಲ’ ಅನ್ನುವುದೇ ಸರಿ ಅನ್ನಿಸುತ್ತಿದೆ. ಮೇಯಲು ಹೋದ ಹಸು ಕತ್ತಲಾದರೂ ಕೊಟ್ಟಿಗೆಗೆ ಬಾರದಿದ್ದರೆ ‘ಗೌರಿ ಇನ್ನೂ ಬಂದಿಲ್ಲ’ ಅನ್ನುತ್ತೇವೆ. ಲಾಟೀನು ಹಿಡಿದು ಬೇಲಿ ಹತ್ತಿರ ನಿಂತಿರುತ್ತೇವೆ. ‘ಬರಲಿಲ್ಲ’ ಅಂದರೆ ಕಾಯುವುದು ಮುಗಿಯಿತು. ಒಂದೇ ಧಾತು, ಆದರೆ ಒಂದರಲ್ಲಿ ಬಾಗಿಲು ತೆರೆದಿದೆ, ಇನ್ನೊಂದರಲ್ಲಿ ಮುಚ್ಚಿದೆ.

ಆ 56 ಜನರಲ್ಲಿ ಮೂವರು ಬದುಕಿದ್ದರು. ಫ್ರೇಸರ್, ಬರ್ಚರ್, ಟೀಸ್. ಮೂವರೂ ಜರ್ಮನರ ಕೈಗೆ ಸೆರೆಸಿಕ್ಕಿದ್ದರು. ಅವರ ಮನೆಯವರ ಪಾಲಿಗೆ ‘ಬಂದಿಲ್ಲ’ ಅನ್ನುವುದೇ ನಿಜ. ಉಳಿದ 53 ಮನೆಗಳಲ್ಲಿ ಅದು ಯಾವ ದಿನ ‘ಬರಲಿಲ್ಲ’ ಆಯಿತೋ! ಟೆಲಿಗ್ರಾಂ ಕೈಗೆ ಬಂದ ದಿನ ಮಾತ್ರ ಎಲ್ಲ ಮನೆಗಳಿಗೂ ಒಂದೇ ಮಾತು. ಹಾಗಾಗಿ ಅಲ್ಲಿ ‘ಬರಲಿಲ್ಲ’ ಅಂತ ಬರೆಯಲು ನನಗೆ ಕೈ ಬರುತ್ತಿಲ್ಲ.

ಇನ್ನೊಂದು ಕಡೆ ಇಂಥ ಗೊಂದಲವೇ ಇಲ್ಲ. ಒಡೆದ ಅಣೆಕಟ್ಟುಗಳ ಕೆಳಗೆ ಸುಮಾರು 1,600 ಜನ ಸತ್ತರು. ಅವರಲ್ಲಿ ಜಾಸ್ತಿ ಜನ ಜರ್ಮನರು ದುಡಿಸಲು ಎಳೆದು ತಂದಿದ್ದ ಪರದೇಶದವರು. ‘ನೀರುಪಾಲಾದರು’ ಅಂತ ಬರೆದೆ. ಆ ಪದ ತಾನಾಗಿಯೇ ಬಂತು.

ಈಗ ನನ್ನ ಪ್ರಶ್ನೆ. ‘ನಿಮ್ಮ ಮಗ ಬಂದಿಲ್ಲ’ ಅಂದರೆ ಶಾಲೆಯಿಂದ ಬಂದ ದೂರಿನ ಹಾಗೆ ಕೇಳಿಸುತ್ತದೆಯೇ? ‘ಮರಳಿಲ್ಲ’ ಅಂದರೆ ಸರಕಾರಿ ಟೆಲಿಗ್ರಾಂಗೆ ಒಪ್ಪುತ್ತದೆಯೇ? ಕೊಡಗಿನವರು, ಸೈನಿಕರ ಮನೆಯವರು ಇಲ್ಲಿ ಇದ್ದರೆ ದಯವಿಟ್ಟು ತಿಳಿಸಿ: 1962ರಲ್ಲೋ 1971ರಲ್ಲೋ ಇಂಥ ಟೆಲಿಗ್ರಾಂ ಬಂದಾಗ, ಅದನ್ನು ಓದಿ ಹೇಳಿದವರು ಮನೆಯ ಹಿರಿಯರಿಗೆ ಯಾವ ಮಾತಿನಲ್ಲಿ ಹೇಳಿದರು?