ಕೆಚ್ಚಲು ಬಾವಿಗೆ ಹಳೇ ಇಂಜೆಕ್ಷನ್ ನಾಟ್ತಿಲ್ಲ, ಹಾಲು ಡೈರಿಗೆ ಹಾಕ್ಬೋದಾ?

ಕೊಟ್ಟಿಗೆಮನೆ (ಚನ್ನರಾಯಪಟ್ಟಣ):
ಎಲ್ರಿಗೂ ನಮಸ್ಕಾರ. ನಮ್ದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಶಿಯನ್ ತಳಿ) ಹಸು, ಎರಡನೇ ಕರು ಹಾಕೈತೆ. ಹಿಂದಿನ ಎಡಗಡೆ ಮೊಲೇಲಿ ಕೆಚ್ಚಲು ಬಾವು ಪದೇ ಪದೇ ಬರ್ತಾ ಐತೆ, ಹಾಲು ಒಡೆದಂಗೆ ಚೂರು ಚೂರಾಗಿ ಬರುತ್ತೆ, ಮುಟ್ಟೋಕೋದ್ರೆ ಒದೀತದೆ. ಮೊದ್ಲೆಲ್ಲ ಟ್ಯೂಬ್ ಹಾಕಿ ಇಂಜೆಕ್ಷನ್ ಕೊಡ್ಸಿದ್ರೆ ಮಾರನೇ ದಿನಕ್ಕೇ ಇಳ್ಯೋದು, ಈ ಸಲ ಅದೇ ಔಷಧಿ ಹಾಕ್ಸಿದ್ರೂ ಜಪ್ಪಯ್ಯ ಅಂದ್ರೂ ಇಳೀತಿಲ್ಲ. ಊರಿಗೆ ಬಂದು ಇಂಜೆಕ್ಷನ್ ಹಾಕೋರು (ಡಾಕ್ಟ್ರಲ್ಲ) ಇನ್ನೂ ಪವರ್ ಇರೋದು ಮೆಡಿಕಲ್ಸಿಂದ ತನ್ನಿ, ಚೀಟಿ ಬೇಕಿಲ್ಲ ಅಂತಾವ್ರೆ. ತರ್ಲಾ? ಇನ್ನೊಂದು, ಉಳ್ದ ಮೂರು ಮೊಲೆ ಹಾಲು ಬೆಳ್ಳಗೆ ಚೆನ್ನಾಗೇ ಐತೆ, ಅದನ್ನ ಡೈರಿಗೆ ಹಾಕ್ಬೋದಾ? ಅಮ್ಮ ಚೆಲ್ಲೋಕೆ ಬಿಡ್ತಿಲ್ಲ, ಕರೂಗಾದ್ರೂ ಕುಡ್ಸು ಅಂತಾರೆ.

ಅರಸೀಕೆರೆ_ಗೌಡ:
ಡೈರಿಗೆ ಮಾತ್ರ ಹಾಕ್ಬೇಡಿ ಕಣ್ರೀ. ನಮ್ಮ ಪಕ್ಕದ್ಮನೇಲಿ ಹಿಂಗೇ ಇಂಜೆಕ್ಷನ್ ಹಾಕ್ಸಿದ್ ಹಸಿನ ಹಾಲಿಗೆ ಹೆಪ್ಪು ಹಾಕಿದ್ರು, ಬೆಳಿಗ್ಗೆ ನೋಡಿದ್ರೆ ಹಾಲು ಹಾಲಾಗೇ ಇತ್ತು, ಮೊಸರೇ ಆಗಿರ್ಲಿಲ್ಲ. ಯಾರೋ ದೃಷ್ಟಿ ಹಾಕವ್ರೆ ಅಂತ ಅಜ್ಜಿ ಗಲಾಟೆ ಬೇರೆ 😀 ಹೆಪ್ಪಲ್ಲಿರೋದೂ ಬ್ಯಾಕ್ಟೀರಿಯಾನೇ ಅಲ್ವಾ, ಹಾಲಲ್ಲಿರೋ ಔಷಧಿ ಅದನ್ನೂ ಸಾಯಿಸ್ಬಿಡುತ್ತೆ. ನಿಮ್ ಒಂದು ಕ್ಯಾನಿಂದ ಇಡೀ ಊರಿನ ಹಾಲಿಗೆ ಸೇರ್ಕಳುತ್ತೆ.

ದನದ_ಡಾಕ್ಟ್ರು:
ಮೂರು ಮೊಲೆ ಹಾಲು ಚೆನ್ನಾಗೈತೆ ಅಂದ್ರಲ್ಲ, ಕಣ್ಣಿಗೆ ಚೆನ್ನಾಗಿ ಕಾಣುತ್ತೆ ಅಷ್ಟೆ. ಇಂಜೆಕ್ಷನ್ ಔಷಧಿ ರಕ್ತದಿಂದ ನಾಕೂ ಮೊಲೆಗೂ ಹೋಗುತ್ತೆ. ಕಾಯ್ಸಿದ್ರೂ ಪೂರ್ತಿ ಹೋಗಲ್ಲ. ಎಷ್ಟು ದಿನ ಹಾಲು ಹಾಕ್ಬಾರ್ದು ಅಂತ ಬಾಟ್ಲಿ ಮೇಲೇ ಬರ್ದಿರ್ಬೇಕು, ಬರ್ದಿಲ್ಲಾಂದ್ರೆ ನಮ್ಮ ದೇಶದ ಔಷಧ ನಿಯಮದ ಪ್ರಕಾರ ಹಾಲಿಗೆ ಕೊನೇಪಕ್ಷ 7 ದಿನ, ಮಾಂಸಕ್ಕೆ 28 ದಿನ. ಕರೂಗೂ ಬೇಡ ಅಂತ ಅಮ್ಮಂಗೆ ಹೇಳಿ. ಅದ್ರ ಹೊಟ್ಟೇಲಿರೋ ಬ್ಯಾಕ್ಟೀರಿಯಾಕ್ಕೆ ದಿನಾ ಚೂರು ಚೂರು ಔಷಧಿ ಸಿಕ್ರೆ ಅದನ್ನ ತಡ್ಕಳೋವು ಮಾತ್ರ ಉಳ್ಕಂಡು ಬೆಳೀತವೆ, ಆಮೇಲೆ ಸಗಣೀಲಿ ಗೊಬ್ಬರದ ಗುಂಡಿಗೆ, ಅಲ್ಲಿಂದ ಹೊಲಕ್ಕೆ.

ಈಗ ಪವರ್ ವಿಷ್ಯ. ಆಂಟಿಬಯಾಟಿಕ್‌ನಲ್ಲಿ ಜಾಸ್ತಿ ಪವರ್ ಕಮ್ಮಿ ಪವರ್ ಅನ್ನೋದಕ್ಕಿಂತ ಯಾವ ಬ್ಯಾಕ್ಟೀರಿಯಾಕ್ಕೆ ಯಾವ್ದು ನಾಟುತ್ತೆ ಅನ್ನೋದೇ ಮುಖ್ಯ. ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾ ಅನುಕೂಲ ಸಿಕ್ರೆ ಇಪ್ಪತ್ತು ನಿಮಿಷಕ್ಕೊಂದ್ಸಲ ಎರಡಾಗುತ್ತೆ, ಲಕ್ಷಾಂತರದಲ್ಲಿ ಒಂದೆರಡಕ್ಕೆ ಪೆನ್ಸಿಲಿನ್ ಒಡೆಯೋ ಕಿಣ್ವ ಇದ್ರೆ ಸಾಕು, ಉಳ್ದವೆಲ್ಲ ಸತ್ತ ಮೇಲೆ ಜಾಗ ಪೂರ್ತಿ ಅದ್ರದ್ದೇ. ಆ ಜೀನ್‌ನ ಪಕ್ಕದ ಬೇರೆ ಜಾತಿ ಬ್ಯಾಕ್ಟೀರಿಯಾಕ್ಕೂ ದಾಟಿಸ್ಬಿಡುತ್ತೆ, ಹಸೀನ್ದು ಮನುಷ್ಯರ್ದು ಅಂತ ಬೇಲಿ ಏನಿಲ್ಲ. ಕೊಲಿಸ್ಟಿನ್ ಅಂತ ಒಂದು ಆಂಟಿಬಯಾಟಿಕ್ ಐತೆ, ಐಸಿಯುನಲ್ಲಿ ಬೇರೆ ಯಾವ್ದೂ ಕೆಲ್ಸ ಮಾಡ್ದಾಗ ಕೊನೇಗೆ ಕೊಡೋದು, ಅದನ್ನ ಕೋಳಿ ಬೇಗ ದಪ್ಪ ಆಗ್ಲಿ ಅಂತ ಮೇವಿಗೆ ಬೆರೆಸ್ತಿದ್ರು, 2019ರಲ್ಲಿ ಕೇಂದ್ರ ಸರ್ಕಾರ ನಿಲ್ಲಿಸ್ತು.

ಆದ್ರೆ ನಿಮ್ ಹಸೂದು ರೆಸಿಸ್ಟೆನ್ಸೇ (ಬ್ಯಾಕ್ಟೀರಿಯಾ ಔಷಧಿ ತಡ್ಕಳೋದು) ಅಂತ ಈಗ್ಲೇ ಹೇಳೋಕಾಗಲ್ಲ. ಸ್ಟಫೈಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಇದ್ರೆ ಕೆಚ್ಚಲೊಳಗೆ ಆಳದಲ್ಲಿ ಅವಿತ್ಕಂಡಿರುತ್ತೆ, ಔಷಧಿ ಸರೀಗಿದ್ರೂ ಅಲ್ಲೀಗಂಟ ಮುಟ್ಟಲ್ಲ. ಅದ್ಕೇ ಹಾಲು ಕಲ್ಚರ್ (ಹಾಲಲ್ಲಿರೋ ಬ್ಯಾಕ್ಟೀರಿಯಾನ ಲ್ಯಾಬಲ್ಲಿ ಬೆಳೆಸಿ ನೋಡೋದು) ಮಾಡ್ಸಿ, ಅದಕ್ಕೆ ಯಾವ ಔಷಧಿ ನಾಟುತ್ತೆ ಅಂತ ನೋಡೋ ಸೆನ್ಸಿಟಿವಿಟಿ ಟೆಸ್ಟ್ ಅಂತ ಕೇಳಿ. ಮೊದ್ಲು ನಿಮ್ಮೂರ ಪಶು ಆಸ್ಪತ್ರೆ ಡಾಕ್ಟ್ರಿಗೆ ತೋರ್ಸಿ, ಅಲ್ಲಾಗ್ಲಿಲ್ಲ ಅಂದ್ರೆ ಹಾಸನದ ವೆಟರ್ನರಿ ಕಾಲೇಜಲ್ಲಿ ವಿಚಾರ್ಸಿ. ಹಸು ಮೇವು ಬಿಟ್ಟು ಜ್ವರ ಬಂದಿದ್ರೆ ಮಾತ್ರ ರಿಪೋರ್ಟ್‌ಗೆ ಕಾಯ್ಬೇಡಿ, ಡಾಕ್ಟ್ರನ್ನ ಇವತ್ತೇ ಕರೆಸಿ.

ಬೇಲೂರ್_ಹೈದ:
ಯಾವಾಗ ನೋಡಿದ್ರೂ ರೈತನ್ ತಲೆ ಮೇಲೇ ಹಾಕೋದಾಯ್ತು. ಪೇಟೆಯವ್ರು ಮೂಗು ಸೋರಿದ್ರೆ ಅಜಿಥ್ರೋಮೈಸಿನ್ ಮೂರು ಮಾತ್ರೆ ನುಂಗ್ತಾರಲ್ಲ ಅದು? ಶೀತ ವೈರಸ್ಸು, ಆ ಮಾತ್ರೆಗೂ ಅದಕ್ಕೂ ಸಂಬಂಧಾನೇ ಇಲ್ಲ. ನಾವಾದ್ರೆ ಒಂದ್ವಾರ ಹಾಲು ಚೆಲ್ಬೇಕು, ಬಟವಾಡೆ ದಿನ ಆ ದುಡ್ಡು ಯಾರ್ ಕೊಡ್ತಾರೆ?

ಮೆಡಿಕಲ್ಸ್_ಹುಡ್ಗ:
ಬೇಲೂರಣ್ಣ ನೀವ್ ಹೇಳೋದು ನಿಜ, ಕೌಂಟರಲ್ಲಿ ನಿಂತು ನೋಡ್ತಾ ಇರ್ತೀನಿ. ಸೆಫಿಕ್ಸಿಮ್ ಥರದ ಆಂಟಿಬಯಾಟಿಕ್‌ಗಳು 2014ರಿಂದ ಶೆಡ್ಯೂಲ್ ಎಚ್1 ಅನ್ನೋ ಸರ್ಕಾರಿ ಪಟ್ಟೀಲಿವೆ, ಚೀಟಿ ಬೇಕೇ ಬೇಕು, ಡಾಕ್ಟ್ರ ಹೆಸ್ರು ರೋಗಿ ಹೆಸ್ರು ರಿಜಿಸ್ಟರಲ್ಲಿ ಬರ್ದು ಮೂರು ವರ್ಷ ಇಟ್ಕಬೇಕು. ಕೊಡಲ್ಲ ಅಂದ್ರೆ 'ಪಕ್ಕದ ಅಂಗ್ಡೀಲಿ ಕೊಡ್ತಾರೆ ಬಿಡಪ್ಪ' ಅಂತ ಹೋಗ್ತಾರೆ, ಪಕ್ಕದಲ್ಲಿ ಕೊಡ್ತಾರೆ ಕೂಡ. ಆದ್ರೆ ರೈತ್ರೂ ಏನ್ ಕಮ್ಮಿ ಇಲ್ಲ ಅಣ್ಣ, ಆಲೂಗಡ್ಡೆ ಅಂಗಮಾರಿಗೆ ಸ್ಟ್ರೆಪ್ಟೋಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಹೊಡೆಯೋರನ್ನ ನೋಡಿದೀನಿ, ಅಂಗಮಾರಿ ಬ್ಯಾಕ್ಟೀರಿಯಾದಿಂದ ಬರೋದೇ ಅಲ್ಲ, ದುಡ್ಡೂ ದಂಡ ಔಷಧೀನೂ ದಂಡ.

ಕೊಟ್ಟಿಗೆಮನೆ:
ಎಲ್ರಿಗೂ ಥ್ಯಾಂಕ್ಸ್. ಪವರ್ ಇಂಜೆಕ್ಷನ್ ತರಲ್ಲ. ಅಮ್ಮಂಗೆ ಮೊಸರಿನ ಕತೆ ಹೇಳ್ದೆ, ಅದು ಸ್ವಲ್ಪ ನಾಟ್ದಂಗೈತೆ. ಡಾಕ್ಟ್ರೇ, ಹಾಲು ಹೆಂಗೆ ತಗಂಡೋಗೋದು, ಸಾದಾ ಬಾಟ್ಲಿ ಆಗುತ್ತಾ?

ದನದ_ಡಾಕ್ಟ್ರು:
ಮನೆ ಬಾಟ್ಲಿ ಬೇಡ, ಆಸ್ಪತ್ರೇಲಿ ಸ್ಟೆರೈಲ್ ಬಾಟ್ಲಿ ಇಸ್ಕಳಿ. ಕೈ ತೊಳ್ಕಂಡು ತೊಟ್ಟನ್ನ ಸ್ಪಿರಿಟ್ ಹತ್ತೀಲಿ ಒರ್ಸಿ, ಮೊದಲ ಎರಡ್ಮೂರು ಧಾರೆ ಬೇರೆ ಪಾತ್ರೆಗೆ ಹಿಂಡಿ ಆಮೇಲಿಂದ ಹಿಡೀರಿ, ಐಸ್ ಜೊತೆ ಅವತ್ತೇ ತಲುಪ್ಸಿ. ಇಷ್ಟು ದಿನ ಯಾವ ಔಷಧಿ, ಕೊನೇದು ಯಾವತ್ತು ಕೊಟ್ಟಿದ್ದು ಅನ್ನೋದನ್ನ ಚೀಟೀಲಿ ಬರ್ಕಂಡೋಗಿ, ಔಷಧಿ ಇನ್ನೂ ಹಾಲಲ್ಲಿದ್ರೆ ಕಲ್ಚರಲ್ಲಿ ಏನೂ ಬೆಳೀದೇ ಹೋಗ್ಬೋದು. ಖಾಲಿ ಟ್ಯೂಬ್ ಎಸ್ದಿಲ್ಲಾಂದ್ರೆ ಅದನ್ನೇ ತಗಂಡೋಗಿ.